ಮರಳಿನ ಮೇಲೆ ಸಮರಾಭ್ಯಾಸ: ಬ್ರಾಸ್‌ಟ್ಯಾಕ್ಸ್‌ನಿಂದ ತ್ರಿಶೂಲದವರೆಗೆ



ಸೇನೆ, ಯುದ್ಧ ಎಂದ ಕೂಡಲೇ ನಮ್ಮ ಸಾರ್ವಜನಿಕ ಮಾತು ಎರಡೇ ದಾರಿಗಳಲ್ಲಿ ಹರಿಯುತ್ತದೆ. ಒಂದು ಜಯಘೋಷದ್ದು, ಇನ್ನೊಂದು ಶೋಕದ್ದು. ಇವೆರಡರ ನಡುವೆ ಸೇನೆಯ ದಿನನಿತ್ಯದ ಬದುಕೊಂದಿದೆ. ಯುದ್ಧವಿಲ್ಲದ ವರ್ಷಗಳಲ್ಲಿ ಲಕ್ಷಾಂತರ ಜನ ಏನು ಮಾಡುತ್ತಿರುತ್ತಾರೆ, ಯಾಕೆ ಮಾಡುತ್ತಾರೆ, ಅದರಿಂದ ಯಾರಿಗೆ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ನಿಧಾನವಾಗಿ ಕೂತು ಮಾತಾಡಿದ್ದು ಕಡಿಮೆ. ಅದಕ್ಕಾಗಿಯೇ ಇಂದಿನ ಉಪನ್ಯಾಸಕ್ಕೆ ಮರುಭೂಮಿಯಲ್ಲಿ ನಡೆಯುವ ದೊಡ್ಡ ಜಂಟಿ ಸಮರಾಭ್ಯಾಸಗಳನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ.

ವಿಷಯದ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತು ಬಹುಮಟ್ಟಿಗೆ ರಾಜಸ್ಥಾನದ ಥಾರ್ ಮರುಭೂಮಿಗೆ ಸೀಮಿತ; ಒಮ್ಮೆ ಮಾತ್ರ ಈಜಿಪ್ಟಿನ ಸಿನಾಯಿಗೆ ಹೋಗಿ ಬರುತ್ತೇನೆ. ಮರಳು ಸೈನ್ಯದಿಂದ ಏನನ್ನು ಕೇಳುತ್ತದೆ ಎಂಬುದು ಮೊದಲ ಭಾಗ. ಭೂಸೇನೆ, ವಾಯುಪಡೆ, ನೌಕಾಪಡೆಗಳು ಜೊತೆಯಾಗಿ ಅಭ್ಯಾಸ ಮಾಡುವುದರ ಅರ್ಥವೇನು ಎಂಬುದು ಎರಡನೆಯದು. ಮೂರನೆಯ ಭಾಗಕ್ಕೆ ಹೆಚ್ಚು ಸಮಯ ಕೊಡುತ್ತೇನೆ: ನಮ್ಮ ಅಭ್ಯಾಸವನ್ನು ಗಡಿಯಾಚೆಯ ಕಣ್ಣು ಹೇಗೆ ನೋಡುತ್ತದೆ, 1987ರ ಜನವರಿಯಲ್ಲಿ ಆ ನೋಟ ಎರಡು ದೇಶಗಳನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದು. ಕೊನೆಗೆ ಆ ನೆಲದ ಜನ ಮತ್ತು ಜೀವಜಾಲದ ಬಗ್ಗೆ ಸ್ವಲ್ಪ.

ನನ್ನ ವಾದವನ್ನೂ ಈಗಲೇ ಮುಂದಿಡುತ್ತೇನೆ. ಸಮರಾಭ್ಯಾಸದ ಬೆಲೆ ಅದು ಎಷ್ಟು ನಿಜ ಹೇಳುತ್ತದೆ ಎಂಬುದರ ಮೇಲೆ ನಿಂತಿದೆ. ತನ್ನ ಸೇನೆಗೆ ಅದು ದೌರ್ಬಲ್ಯವನ್ನು ಹೇಳಬೇಕು, ನೆರೆಯ ದೇಶಕ್ಕೆ ಉದ್ದೇಶವನ್ನು ಹೇಳಬೇಕು. ಈ ಎರಡರಲ್ಲಿ ಯಾವುದು ತಪ್ಪಿದರೂ ಕೋಟ್ಯಂತರ ರೂಪಾಯಿಯ ಕವಾಯತು ವ್ಯರ್ಥವಾಗುತ್ತದೆ, ಕೆಲವೊಮ್ಮೆ ಅಪಾಯವಾಗುತ್ತದೆ.

ಈಗ ಮೊದಲನೆಯ ಭಾಗಕ್ಕೆ ಬರೋಣ.

ಥಾರ್ ಎಂದರೆ ನಮ್ಮ ಕಣ್ಣಿಗೆ ಬರುವುದು ಪ್ರವಾಸಿ ಚಿತ್ರಗಳ ಹೊಂಬಣ್ಣದ ದಿಬ್ಬಗಳು. ಸೈನಿಕನಿಗೆ ಅದು ಬೇರೆಯೇ ನೆಲ. ಜೋಧಪುರದ ಉತ್ತರಕ್ಕಿರುವ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅದೇ ಸೀಮೆಯಲ್ಲಿ ಪಾದರಸ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಹೀಗಾಗಿ ದೊಡ್ಡ ಅಭ್ಯಾಸಗಳು ಹೆಚ್ಚಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ನಡೆಯುತ್ತವೆ. ಆದರೆ ಯುದ್ಧ ಪಂಚಾಂಗ ನೋಡಿಕೊಂಡು ಬರುವುದಿಲ್ಲವಲ್ಲ. ಅದಕ್ಕೇ ಏಪ್ರಿಲ್-ಮೇ ತಿಂಗಳ ಉರಿಯಲ್ಲೂ ಆಗಾಗ ಸೇನೆ ಅಭ್ಯಾಸಕ್ಕೆ ಇಳಿಯುತ್ತದೆ.

ಮರಳು ಮೊದಲು ಹೊಡೆಯುವುದು ಯಂತ್ರದ ಉಸಿರಾಟಕ್ಕೆ. ಸಾಲಾಗಿ ಹೋಗುವ ಟ್ಯಾಂಕುಗಳಲ್ಲಿ ಎರಡನೆಯದರಿಂದ ಹಿಂದೆ ಬರುವವೆಲ್ಲ ಮುಂದಿನ ಟ್ಯಾಂಕು ಎಬ್ಬಿಸಿದ ಧೂಳನ್ನೇ ಉಸಿರಾಡುತ್ತವೆ. ಹಿಟ್ಟಿನಂಥ ಆ ಪುಡಿ ಏರ್ ಫಿಲ್ಟರ್ ದಾಟಿ ಎಂಜಿನ್ನಿನೊಳಗೆ ಹೋದರೆ ಪಿಸ್ಟನ್ನು, ಸಿಲಿಂಡರು ಸವೆಯಲು ಹೆಚ್ಚು ದಿನ ಬೇಕಿಲ್ಲ. ಹಾಗಾಗಿ ದಿನದ ಓಟ ಮುಗಿದ ಮೇಲೆ ಸಿಬ್ಬಂದಿಯ ಮೊದಲ ಕೆಲಸ ಊಟವಲ್ಲ, ಫಿಲ್ಟರ್ ಬಿಚ್ಚಿ ಧೂಳು ತೆಗೆಯುವುದು. ಕತ್ತಲಾಗಿದ್ದರೆ ಮರೆಮಾಚಿದ ಸಣ್ಣ ದೀಪದಲ್ಲೇ ಈ ಕೆಲಸ ನಡೆಯಬೇಕು. ಟ್ರ್ಯಾಕಿನ ಕೊಂಡಿಗಳನ್ನು ಒಂದೊಂದಾಗಿ ತಟ್ಟಿ ನೋಡಬೇಕು, ಸಡಿಲವಾದ ಪಿನ್ನುಗಳನ್ನು ಬಿಗಿಯಬೇಕು. ಲಾರಿಯ ಚಾಲಕ ಮೆತ್ತನೆಯ ಮರಳು ಸಿಕ್ಕಾಗ ಟೈರಿನ ಗಾಳಿ ಇಳಿಸಬೇಕು, ಗಟ್ಟಿ ನೆಲ ಸಿಕ್ಕಾಗ ಮತ್ತೆ ತುಂಬಬೇಕು. ಹೂತುಹೋದ ಗಾಡಿಯ ಕೆಳಗೆ ತೂತಿನ ಉಕ್ಕಿನ ಹಲಗೆ ತೂರಿಸಿ ಮೇಲೆತ್ತಬೇಕು. ಟಿ-90 ಟ್ಯಾಂಕುಗಳು ಬಂದ ಮೊದಲ ವರ್ಷಗಳಲ್ಲಿ ಅವುಗಳ ರಾತ್ರಿ ನೋಟದ ಥರ್ಮಲ್ ಉಪಕರಣಗಳು ರಾಜಸ್ಥಾನದ ಬಿಸಿಗೆ ಕೆಟ್ಟವು. ಟ್ಯಾಂಕಿನೊಳಗೆ ತಂಪು ಮಾಡುವ ವ್ಯವಸ್ಥೆ ಬೇಕೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ತಣ್ಣನೆಯ ದೇಶವೊಂದರಲ್ಲಿ ತಯಾರಾದ ಯಂತ್ರದ ಗುಣ ಥಾರಿನಲ್ಲಿ ಓಡಿಸಿದಾಗಲೇ ತಿಳಿಯುವುದು.

ಆಮೇಲೆ ನೀರು. ಒಂದು ಡಿವಿಷನ್ನಿನಲ್ಲಿ 15,000 ಜನ ಎಂದಿಟ್ಟುಕೊಳ್ಳಿ. ಕುಡಿಯಲು ಮಾತ್ರ ತಲೆಗೆ 5 ಲೀಟರ್ ಎಂದರೂ ದಿನಕ್ಕೆ 75,000 ಲೀಟರ್ ಆಯಿತು. ಅಡುಗೆ, ಗಾಯಾಳುಗಳ ಆರೈಕೆ, ರೇಡಿಯೇಟರುಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಈ ನೀರನ್ನು ಹೊತ್ತ ಟ್ಯಾಂಕರುಗಳು ಟ್ಯಾಂಕುಗಳ ಬೆನ್ನಿಗೇ ಹೋಗಬೇಕು, ಅವುಗಳಿಗೂ ಡೀಸೆಲ್ ಬೇಕು, ಆ ಡೀಸೆಲ್ ತರುವ ಗಾಡಿಗಳಿಗೂ ನೀರು ಬೇಕು. ಮರುಭೂಮಿಯಲ್ಲಿ ದಾಳಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಬಹುಪಾಲು ನಿರ್ಧರಿಸುವುದು ಈ ಸರಪಳಿ. ಇದನ್ನು ನಡೆಸುವ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ನೆಲಬಾಂಬುಗಳ ಬಯಲಿನಲ್ಲಿ ದಾರಿ ಬಿಡಿಸುವ, ಕಾಲುವೆಗೆ ಸೇತುವೆ ಹಾಕುವ ಮದ್ರಾಸ್ ಸ್ಯಾಪರ್ಸ್ ಕೇಂದ್ರವೂ ಹಲಸೂರಿನಲ್ಲಿದೆ. ಪದಕಗಳ ಪಟ್ಟಿಯಲ್ಲಿ ಇವರ ಹೆಸರು ಅಷ್ಟಾಗಿ ಕಾಣುವುದಿಲ್ಲ, ಆದರೆ ಇವರಿಲ್ಲದೆ ಥಾರಿನಲ್ಲಿ ಟ್ಯಾಂಕು ಎರಡನೆಯ ದಿನ ನೋಡುವುದಿಲ್ಲ.

ಮರಳಿನ ಯುದ್ಧ ನಮ್ಮ ಸೀಮೆಯವರಿಗೆ ಹೊಸದೇನಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳ ಸೂಯೆಜ್ ಕಾಲುವೆಯ ಕಾವಲಿಗೆ ನಿಂತು, ಪ್ಯಾಲೆಸ್ಟೈನಿನವರೆಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಹೈಫಾ ಪಟ್ಟಣವನ್ನು ಹಿಡಿಯಿತು. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ. ಅದರ ಮುಂದೆ ದಿನವೂ ಓಡಾಡುವವರಲ್ಲಿ ಈ ಕಥೆ ಗೊತ್ತಿರುವವರು ಹೆಚ್ಚಾಗಬೇಕು.

ಇನ್ನು ಎರಡನೆಯ ಭಾಗ: ಜಂಟಿ ಎಂದರೇನು?

ಇದಕ್ಕೆ 1971ರ ಲೋಂಗೆವಾಲಾಕ್ಕಿಂತ ಒಳ್ಳೆಯ ಪಾಠ ನನಗೆ ಕಾಣುವುದಿಲ್ಲ. ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕುಗಳು ಗಡಿ ದಾಟಿ ಜೈಸಲ್ಮೇರ್ ಕಡೆಗೆ ಹೊರಟವು. ದಾರಿಯಲ್ಲಿದ್ದುದು ಲೋಂಗೆವಾಲಾ ಎಂಬ ಠಾಣೆ, ಅಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಕೈಕೆಳಗೆ 23ನೇ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ, ಅಂದರೆ ನೂರಿಪ್ಪತ್ತು ಜನದ ಆಸುಪಾಸು. ಚಾಂದ್‌ಪುರಿ ಠಾಣೆ ಬಿಡಲಿಲ್ಲ. ಜೈಸಲ್ಮೇರಿನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿ ಹೋರಾಡುವ ಉಪಕರಣವಿರಲಿಲ್ಲ. ಬೆಳಕು ಹರಿಯುವವರೆಗೆ ಕಾಯಬೇಕಾಯಿತು. ಬೆಳಕು ಹರಿದಾಗ ಮೆತ್ತನೆಯ ಮರಳಿನಲ್ಲಿ ಸಿಕ್ಕಿಬಿದ್ದ, ಸುತ್ತು ಹಾಕುತ್ತಿದ್ದ ಟ್ಯಾಂಕುಗಳು ಬಯಲಲ್ಲಿ ಬೆತ್ತಲೆಯಾಗಿ ಕಂಡವು. ಅವುಗಳ ಮೇಲೆ ಪಾಕಿಸ್ತಾನದ ಒಂದೂ ವಿಮಾನದ ರಕ್ಷಣೆಯಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಟ್ಯಾಂಕುಗಳು ಅಲ್ಲೇ ಉಳಿದವು.

ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಪಾತ್ರವಿದೆ. ಅತಿ ಕೆಳಗೆ, ಅತಿ ನಿಧಾನವಾಗಿ ಹಾರುವ ಒಂದು ಪುಟ್ಟ ಪ್ರೊಪೆಲ್ಲರ್ ವಿಮಾನದಲ್ಲಿ ಕೂತು ಮೇಜರ್ ಆತ್ಮಾ ಸಿಂಗ್ ಎಂಬ ಸೇನಾಧಿಕಾರಿ ಹಂಟರ್ ಪೈಲಟ್‌ಗಳಿಗೆ ರೇಡಿಯೋದಲ್ಲಿ ಗುರಿ ತೋರಿಸುತ್ತಿದ್ದರು. ನೆಲದವರ ಕಣ್ಣು, ಆಕಾಶದವರ ಗುಂಡು, ಇವೆರಡನ್ನೂ ಕೂಡಿಸಿದ್ದು ಆ ಒಂದು ರೇಡಿಯೋ. ಅವರು ಹಾರಿಸುತ್ತಿದ್ದ ವಿಮಾನದ ಹೆಸರು ಕೃಷಕ್. ಅದು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಜಂಟಿ ಸಮರಾಭ್ಯಾಸ ಎಂದರೆ ಆ ರೇಡಿಯೋ ಮಾತನ್ನು ಯುದ್ಧಕ್ಕೆ ಮೊದಲೇ ಸಾವಿರ ಸಲ ಆಡಿ ನೋಡುವುದು. ಕೇಳಲು ಸುಲಭ, ಮಾಡಲು ಕಷ್ಟ. ಭೂಸೇನೆಯ ನಕ್ಷೆ, ವಾಯುಪಡೆಯ ನಕ್ಷೆ ಬೇರೆ ಬೇರೆ ಅಳತೆಯಲ್ಲಿರುತ್ತವೆ. ಒಬ್ಬರ ಸೆಟ್ಟಿನ ತರಂಗ ಇನ್ನೊಬ್ಬರಿಗೆ ಸಿಗುವುದಿಲ್ಲ. ನೆಲದಲ್ಲಿರುವವನಿಗೆ ಎದುರಿನ ದಿಬ್ಬ ದೊಡ್ಡ ಗುರುತು, ಮೇಲಿರುವವನಿಗೆ ಎಲ್ಲ ದಿಬ್ಬವೂ ಒಂದೇ. ಮರುಭೂಮಿಯಲ್ಲಿ ಮರ, ಕೆರೆ, ಗೋಪುರ ಏನೂ ಇಲ್ಲದೆ ಗುರಿ ವಿವರಿಸುವುದು ಕಲಿತು ಬರಬೇಕಾದ ವಿದ್ಯೆ. ಸ್ವಂತ ಪಡೆಯ ಮೇಲೆ ಸ್ವಂತ ವಿಮಾನ ಬಾಂಬು ಹಾಕುವ ದುರಂತ ಹಲವು ದೇಶಗಳ ಸೇನೆಗಳಲ್ಲಿ ನಡೆದಿದೆ.

ಅಭ್ಯಾಸದ ಬಯಲಿನಲ್ಲಿ ನನಗೆ ಅತ್ಯಂತ ಮುಖ್ಯನಾಗಿ ಕಾಣುವವನು ಅಂಪೈರ್. ಒಂದು ಕಡೆ ನೀಲಿ ಪಡೆ, ಇನ್ನೊಂದು ಕಡೆ ಕೆಂಪು ಪಡೆ. ನಡುವೆ ಯಾವ ಪಕ್ಷಕ್ಕೂ ಸೇರದೆ ಓಡಾಡುವ ಅಧಿಕಾರಿ ಇವನು. ಟ್ಯಾಂಕಿನ ಪಕ್ಕ ಜೀಪು ನಿಲ್ಲಿಸಿ, ‘ನಿಮ್ಮ ಟ್ಯಾಂಕು ಹೋಯಿತು, ಇಲ್ಲೇ ನಿಲ್ಲಿ’ ಎಂದರೆ ಆ ಸಿಬ್ಬಂದಿ ನಿಲ್ಲಬೇಕು. ‘ನಿಮ್ಮ ಸೇತುವೆ ಒಡೆದಿದೆ, ಹೊಸದು ಹಾಕಲು ಆರು ಗಂಟೆ’ ಎಂದರೆ ಇಡೀ ಬ್ರಿಗೇಡು ಆರು ಗಂಟೆ ಕಾಯಬೇಕು. ಅವನ ತೀರ್ಪು ಜನರಲ್‌ಗೆ ಮುಜುಗರ ತಂದರೂ ಕಾಗದದಲ್ಲಿ ಹಾಗೆಯೇ ಉಳಿಯಬೇಕು. ಅಂಪೈರ್‌ನ ವರದಿಯನ್ನು ಮೆತ್ತಗೆ ಮಾಡುವ ಸೇನೆ ತನ್ನ ಸೈನಿಕರ ಜೀವವನ್ನೇ ಪಣಕ್ಕಿಡುತ್ತದೆ.

ಈ ಮಾತಿಗೆ ಹೊಂದಿಕೊಂಡ ಒಂದು ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಗಣ್ಯರ ಗ್ಯಾಲರಿಯ ಮುಂದೆ ನಡೆಯುವ ಶಕ್ತಿ ಪ್ರದರ್ಶನವೂ ಸಮರಾಭ್ಯಾಸವೂ ಒಂದೇ ಅಲ್ಲ. 2024ರ ಮಾರ್ಚ್ 12ರಂದು ಪೋಖ್ರಾನಿನಲ್ಲಿ ಪ್ರಧಾನಿಯವರ ಸಮ್ಮುಖದಲ್ಲಿ ‘ಭಾರತ ಶಕ್ತಿ’ ಎಂಬ ಮೂರೂ ಪಡೆಗಳ ಪ್ರದರ್ಶನ ನಡೆಯಿತು. ದೇಶದಲ್ಲಿ ತಯಾರಾದ ಶಸ್ತ್ರಾಸ್ತ್ರಗಳನ್ನು ಜನ ನೋಡಲಿ ಎಂಬ ಉದ್ದೇಶ ಸರಿಯಾದದ್ದೇ. ಅದೇ ದಿನ ಜೈಸಲ್ಮೇರ್ ಹತ್ತಿರ ಒಂದು ತೇಜಸ್ ವಿಮಾನ ಬಿತ್ತು. ಪೈಲಟ್ ಹೊರಜಿಗಿದು ಉಳಿದರು. 2001ರಲ್ಲಿ ಮೊದಲ ಬಾರಿ ಹಾರಿದಂದಿನಿಂದ ಈ ವಿಮಾನಕ್ಕೆ ಅದು ಮೊದಲ ಅಪಘಾತ. ಬೆಂಗಳೂರಿನಲ್ಲಿ ರೂಪುಗೊಂಡ ವಿಮಾನ ಎಂಬ ಕಾರಣಕ್ಕೆ ನಮ್ಮಲ್ಲಿ ಹಲವರು ಆ ಸುದ್ದಿಯನ್ನು ನೋವಿನಿಂದ ಓದಿದೆವು. ನನಗನ್ನಿಸುವುದು ಇಷ್ಟು: ಪ್ರದರ್ಶನದಲ್ಲಿ ಎಲ್ಲ ಗುಂಡೂ ಗುರಿಗೆ ತಾಗಬೇಕು, ಏಕೆಂದರೆ ನೋಡುವವರಿದ್ದಾರೆ. ಅಭ್ಯಾಸದಲ್ಲಿ ಗುಂಡು ತಪ್ಪಬೇಕು, ಯಂತ್ರ ಕೆಡಬೇಕು, ಯೋಜನೆ ಕುಸಿಯಬೇಕು. ಅವೆಲ್ಲ ಅಲ್ಲೇ ಆಗಿಬಿಟ್ಟರೆ ಒಳ್ಳೆಯದು.

ನೌಕಾಪಡೆಗೂ ಮರಳಿಗೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ಭೂಪಟ ನೋಡಿ. ಥಾರ್ ದಕ್ಷಿಣಕ್ಕೆ ಇಳಿದು ಕಛ್‌ನ ರಣದಲ್ಲಿ, ಸರ್ ಕ್ರೀಕ್‌ನ ಕೆಸರು ಕೊಲ್ಲಿಗಳಲ್ಲಿ, ಕೊನೆಗೆ ಅರಬ್ಬಿ ಸಮುದ್ರದಲ್ಲಿ ಮುಗಿಯುತ್ತದೆ. 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ನಡೆದ ‘ತ್ರಿಶೂಲ’ ಅಭ್ಯಾಸ ಈ ಇಡೀ ಪಟ್ಟಿಯನ್ನು, ಅಂದರೆ ಮರಳು, ಉಪ್ಪಿನ ಬಯಲು, ಕ್ರೀಕು, ಕಡಲು ಎಲ್ಲವನ್ನೂ ಒಂದೇ ರಣಭೂಮಿಯೆಂದು ತೆಗೆದುಕೊಂಡಿತು.

ಈಗ ಮೂರನೆಯ ಭಾಗಕ್ಕೆ ದಾಟುತ್ತೇನೆ. ಇದಕ್ಕೆ ಮುನ್ನುಡಿಯಾಗಿ ಸಿನಾಯಿ.

1967ರ ಯುದ್ಧದ ನಂತರ ಸೂಯೆಜ್ ಕಾಲುವೆಯ ಪೂರ್ವ ದಡದಲ್ಲಿ ಇಸ್ರೇಲ್ ಎತ್ತರದ ಮರಳಿನ ಗೋಡೆ ಎಬ್ಬಿಸಿತ್ತು. ಅದನ್ನು ಸ್ಫೋಟಕದಿಂದ ಒಡೆಯುವುದು ಬಹಳ ನಿಧಾನದ ಕೆಲಸ. ಈಜಿಪ್ಟಿನ ಎಂಜಿನಿಯರ್ ಅಧಿಕಾರಿ ಬಾಕಿ ಝಕಿ ಯೂಸೆಫ್ ಬೇರೆ ದಾರಿ ಸೂಚಿಸಿದರು: ಕಾಲುವೆಯ ನೀರನ್ನೇ ಶಕ್ತಿಶಾಲಿ ಪಂಪುಗಳಿಂದ ಚಿಮ್ಮಿಸಿ ಗೋಡೆಯನ್ನು ಕೊಚ್ಚಿಬಿಡುವುದು. ಇಂಥದೇ ಗೋಡೆಗಳನ್ನು ಕಟ್ಟಿ, ಕೊರೆದು, ಮತ್ತೆ ಕಟ್ಟಿ ಈಜಿಪ್ಟಿನ ಸೈನಿಕರು ಅದನ್ನು ಲೆಕ್ಕವಿಲ್ಲದಷ್ಟು ಸಲ ಅಭ್ಯಾಸ ಮಾಡಿದರು. ಇದು ಅಭ್ಯಾಸದ ಒಂದು ಮುಖ. ಇನ್ನೊಂದು ಮುಖವೂ ಅಲ್ಲೇ ಇದೆ. 1973ರಲ್ಲಿ ಈಜಿಪ್ಟ್ ಕಾಲುವೆಯ ಬಳಿ ಮತ್ತೆ ಮತ್ತೆ ಕವಾಯತು ನಡೆಸಿತು. ಮೇ ತಿಂಗಳಲ್ಲಿ ಇಸ್ರೇಲ್ ಗಾಬರಿಯಿಂದ ಮೀಸಲು ಪಡೆಗಳನ್ನು ಕರೆಸಿತು, ಏನೂ ಆಗಲಿಲ್ಲ. ಅಕ್ಟೋಬರ್ 1ರಂದು ‘ತಹ್ರೀರ್ 41’ ಎಂಬ ಕವಾಯತು ಶುರುವಾದಾಗ ಇದೂ ಹಾಗೆಯೇ ಇರಬೇಕು ಎಂದುಕೊಂಡರು. ಅಕ್ಟೋಬರ್ 6ರ ಮಧ್ಯಾಹ್ನ ಆ ಕವಾಯತೇ ಯುದ್ಧವಾಯಿತು. ನಮ್ಮ ಕಾಲದ್ದೇ ಬೇಕೆಂದರೆ, 2022ರ ಫೆಬ್ರವರಿಯಲ್ಲಿ ಬೆಲಾರೂಸಿನಲ್ಲಿ ರಷ್ಯಾ ಜಂಟಿ ಕವಾಯತಿಗೆಂದು ತಂದ ಪಡೆಗಳು ಅಲ್ಲಿಂದಲೇ ಯುಕ್ರೇನಿಗೆ ನುಗ್ಗಿದವು.

ಆದ್ದರಿಂದ ಗಡಿಯಾಚೆಯ ದೇಶ ನಮ್ಮ ಅಭ್ಯಾಸ ಕಂಡು ಬೆಚ್ಚಿದರೆ ಅದನ್ನು ಅಪರಾಧಿ ಮನಸ್ಸು ಎಂದು ತಳ್ಳಿಹಾಕುವಂತಿಲ್ಲ. ಸದ್ದುಗದ್ದಲ, ಧೂಳು, ರೈಲು ತುಂಬ ಟ್ಯಾಂಕುಗಳು, ಮುಂಚೂಣಿಗೆ ಬಂದ ಮದ್ದುಗುಂಡು, ತೆರೆದ ಆಸ್ಪತ್ರೆಗಳು: ಇವೆಲ್ಲ ಯುದ್ಧಕ್ಕೂ ಅಭ್ಯಾಸಕ್ಕೂ ಸಮಾನ. ಹೊರಗಿನಿಂದ ನೋಡುವವನಿಗೆ ವ್ಯತ್ಯಾಸ ತಿಳಿಯುವುದು ಕೊನೆಯ ಗಳಿಗೆಯಲ್ಲಿ.

1986-87ರಲ್ಲಿ ನಮಗಾದದ್ದು ಇದೇ. 1986ರ ಫೆಬ್ರವರಿಯಲ್ಲಿ ಜನರಲ್ ಕೆ. ಸುಂದರ್‌ಜಿ ಭೂಸೇನೆಯ ಮುಖ್ಯಸ್ಥರಾದರು. ಕಾಲಾಳು ಪಡೆಯನ್ನು ಶಸ್ತ್ರಸಜ್ಜಿತ ವಾಹನಗಳಿಗೆ ಹತ್ತಿಸಿ, ಟ್ಯಾಂಕುಗಳ ವೇಗಕ್ಕೆ ಹೊಂದಿಸಿದ ಮೆಕನೈಸ್ಡ್ ಇನ್‌ಫಂಟ್ರಿಯ ಕಲ್ಪನೆಗೆ ಜೀವ ಕೊಟ್ಟವರು ಅವರು. ಓದುವವರು, ಬರೆಯುವವರು, ತಮ್ಮ ವಿಚಾರವನ್ನು ಕೊನೆಯವರೆಗೆ ಪರೀಕ್ಷಿಸುವ ಛಲದವರು. ಹೊಸ ಟ್ಯಾಂಕುಗಳು, ವಿಮಾನಗಳು, ಸಂಪರ್ಕ ಜಾಲಗಳು ಸೇರಿ ಶತ್ರುವಿನ ನೆಲದ ಒಳಕ್ಕೆ ವೇಗವಾಗಿ ನುಗ್ಗಬಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಹುಡುಕಲು ರೂಪಿಸಿದ್ದು ‘ಬ್ರಾಸ್‌ಟ್ಯಾಕ್ಸ್’. ನಾಲ್ಕು ಹಂತಗಳಲ್ಲಿ ಅದನ್ನು ಯೋಜಿಸಿದರು: ಮೊದಲು ನಕ್ಷೆಯ ಮೇಲೆ, ಬಳಿಕ ಮರಳಿನ ಮಾದರಿಯ ಮೇಲೆ, ಹೀಗೆ ಸಾಗಿ ಕೊನೆಯದು ರಾಜಸ್ಥಾನದ ಬಯಲಿನಲ್ಲಿ ನಿಜವಾದ ಪಡೆಗಳೊಂದಿಗೆ. ಪಾಲ್ಗೊಂಡವರ ಸಂಖ್ಯೆಯನ್ನು ಹಲವು ಅಧ್ಯಯನಗಳು ಸುಮಾರು 4 ಲಕ್ಷ ಎಂದು ಅಂದಾಜಿಸುತ್ತವೆ. ಉಪಖಂಡ ಅಷ್ಟು ದೊಡ್ಡ ಅಭ್ಯಾಸವನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಇಲ್ಲಿ ಬೆಂಗಳೂರಿನ ಪಾತ್ರವೂ ಇದೆ. 1986ರ ನವೆಂಬರ್ 16 ಮತ್ತು 17ರಂದು ಎರಡನೆಯ ಸಾರ್ಕ್ ಶೃಂಗಸಭೆ ಇಲ್ಲಿ ನಡೆಯಿತು. ಪಾಕಿಸ್ತಾನದ ಪ್ರಧಾನಿ ಮುಹಮ್ಮದ್ ಖಾನ್ ಜುನೇಜೊ ಈ ಅಭ್ಯಾಸದ ಬಗೆಗಿನ ಆತಂಕವನ್ನು ರಾಜೀವ್ ಗಾಂಧಿಯವರ ಮುಂದೆ ಇಲ್ಲಿಯೇ ಎತ್ತಿದರು. ಸಮಾಧಾನದ ಮಾತು ಸಿಕ್ಕಿತು. ಆದರೆ ಇಬ್ಬರು ಪ್ರಧಾನಿಗಳ ಮಾತು ರಾವಲ್ಪಿಂಡಿಯ ಸೇನಾ ಕಚೇರಿಯ ಅನುಮಾನವನ್ನು ಕರಗಿಸಲಿಲ್ಲ. ಎಷ್ಟು ಪಡೆ, ಎಲ್ಲಿಂದ ಎಲ್ಲಿಗೆ, ಯಾವಾಗ ವಾಪಸ್ಸು ಎಂಬುದನ್ನು ಬರವಣಿಗೆಯಲ್ಲಿ ಕೊಡುವ ಕಟ್ಟುಪಾಡು ಎರಡೂ ದೇಶಗಳ ನಡುವೆ ಇರಲಿಲ್ಲ.

ಪಾಕಿಸ್ತಾನವೂ ಆ ಚಳಿಗಾಲದಲ್ಲಿ ತನ್ನ ಕವಾಯತುಗಳನ್ನು ನಡೆಸಿತು. ಅವು ಮುಗಿದ ಮೇಲೆ ಪಡೆಗಳು ತಮ್ಮ ನೆಲೆಗಳಿಗೆ ಮರಳಲಿಲ್ಲ. ದಕ್ಷಿಣದ ಮೀಸಲು ಸೈನ್ಯ ಸಟ್ಲೆಜ್ ದಾಟಿ ಉತ್ತರಕ್ಕೆ ಸರಿಯಿತು, ಉತ್ತರದ ಮೀಸಲು ಸೈನ್ಯ ಶಕರ್‌ಗಢ್ ಕಡೆ ಬಂತು. ಪಂಜಾಬ್ ಆಗ ಭಯೋತ್ಪಾದನೆಯಲ್ಲಿ ಬೇಯುತ್ತಿತ್ತು. ಎರಡೂ ಸೈನ್ಯಗಳು ಸೇರಿ ಪಂಜಾಬನ್ನು ಕತ್ತರಿಸಬಹುದು ಎಂಬ ಅಂಜಿಕೆ ದೆಹಲಿಯಲ್ಲಿ ಹುಟ್ಟಿತು. ಇತ್ತ ನಮ್ಮ ಸೈನ್ಯ ಸಿಂಧ್ ಪ್ರಾಂತವನ್ನು ಎರಡು ಮಾಡಬಹುದು ಎಂಬ ಅಂಜಿಕೆ ಅವರಲ್ಲಿ ಆಗಲೇ ಇತ್ತು. ಇಬ್ಬರೂ ತಮ್ಮದು ರಕ್ಷಣೆ ಎಂದುಕೊಂಡರು, ಇಬ್ಬರಿಗೂ ಎದುರಿನವರದು ದಾಳಿಯ ಸಿದ್ಧತೆಯಾಗಿ ಕಂಡಿತು. ಜನವರಿ ಮೂರನೆಯ ವಾರಕ್ಕೆ ಭಾರತ ಗಡಿಗೆ ಪಡೆಗಳನ್ನು ಧಾವಿಸಿ ಕಳಿಸಿತು.

ಆ ದಿನಗಳಲ್ಲಿ ದೆಹಲಿಯ ಆಡಳಿತ ಹೇಗಿತ್ತು ಎಂಬುದನ್ನೂ ಗಮನಿಸಬೇಕು. ಜನವರಿ 20ರಂದು ವಿದೇಶಾಂಗ ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್ ಅವರ ನಿರ್ಗಮನವನ್ನು ಪ್ರಧಾನಿ ಪತ್ರಿಕಾಗೋಷ್ಠಿಯಲ್ಲೇ ಸೂಚಿಸಿಬಿಟ್ಟರು. ರಕ್ಷಣಾ ಖಾತೆ ಅದುವರೆಗೆ ಪ್ರಧಾನಿಯ ಕೈಯಲ್ಲೇ ಇತ್ತು. ಅರುಣ್ ಸಿಂಗ್ ರಾಜ್ಯ ಸಚಿವರಾಗಿದ್ದರು. ಜನವರಿ 24ರಂದು ಹಣಕಾಸಿನಲ್ಲಿದ್ದ ವಿ.ಪಿ. ಸಿಂಗ್ ರಕ್ಷಣೆಗೆ ಬಂದರು. ಗಡಿಯಲ್ಲಿ ಎರಡು ಸೈನ್ಯಗಳು ಎದುರುಬದುರಾಗಿ ನಿಂತಿದ್ದ ಅದೇ ವಾರ ಇದು. ಅಭ್ಯಾಸ ಕೈಮೀರುವಾಗ ಅದನ್ನು ಹಿಡಿದು ನಿಲ್ಲಿಸಬೇಕಾದ ನಾಗರಿಕ ಆಡಳಿತ ತಾನೇ ಸ್ಥಿರವಾಗಿರಬೇಕು. ಬ್ರಾಸ್‌ಟ್ಯಾಕ್ಸ್‌ನ ಬಗ್ಗೆ ಓದಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು, ಟ್ಯಾಂಕುಗಳ ಸಂಖ್ಯೆಯಲ್ಲ.

ಕೊನೆಗೆ ಮಾತು ಗೆದ್ದಿತು. ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ ನಡುವಣ ಹಾಟ್‌ಲೈನ್ ಕೆಲಸಕ್ಕೆ ಬಂತು. ಪಾಕಿಸ್ತಾನದ ವಿದೇಶಾಂಗ ಕಾರ್ಯದರ್ಶಿ ಅಬ್ದುಲ್ ಸತ್ತಾರ್ ದೆಹಲಿಗೆ ಬಂದರು. ಫೆಬ್ರವರಿ 4ರಂದು ಪಡೆಗಳನ್ನು ಹಂತಹಂತವಾಗಿ ಹಿಂದೆಗೆಯುವ ಒಪ್ಪಂದವಾಯಿತು. ಅದೇ ತಿಂಗಳು ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ ಕ್ರಿಕೆಟ್ ಟೆಸ್ಟ್ ನೋಡುವ ನೆಪದಲ್ಲಿ ಜೈಪುರಕ್ಕೆ ಬಂದು ಹೋದರು. ಬ್ರಾಸ್‌ಟ್ಯಾಕ್ಸ್‌ನ ಕೊನೆಯ ಹಂತವೂ ಆಮೇಲೆ ನಡೆದು ಮುಗಿಯಿತು.

ಇಲ್ಲಿ ಒಂದು ಹೋಲಿಕೆಗೆ ನಿಮ್ಮ ಗಮನ ಸೆಳೆಯುತ್ತೇನೆ. ಯುರೋಪಿನಲ್ಲಿ 1975ರ ಹೆಲ್ಸಿಂಕಿ ಒಪ್ಪಂದದ ಪ್ರಕಾರ 25,000ಕ್ಕಿಂತ ಹೆಚ್ಚು ಸೈನಿಕರ ಕವಾಯತಿಗೆ 21 ದಿನ ಮುಂಚೆ ಸೂಚನೆ ಕೊಡಬೇಕಿತ್ತು. 1986ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಆ ಮಿತಿಯನ್ನು 13,000ಕ್ಕೆ ಇಳಿಸಿ, ಅವಧಿಯನ್ನು 42 ದಿನಕ್ಕೆ ಏರಿಸಿದರು; 17,000 ದಾಟಿದರೆ ಎದುರು ಪಕ್ಷದ ವೀಕ್ಷಕರನ್ನು ಕರೆಯಬೇಕೆಂದೂ ಬರೆದರು. ಅಣ್ವಸ್ತ್ರಗಳನ್ನು ಪರಸ್ಪರ ಗುರಿಯಿಟ್ಟುಕೊಂಡ ಎರಡು ಬಣಗಳು ಹದಿಮೂರು ಸಾವಿರಕ್ಕೆ ಕಾಗದ ಬರೆಯಲು ಒಪ್ಪಿದ ಅದೇ ಚಳಿಗಾಲದಲ್ಲಿ ನಾವು ಲಕ್ಷಗಟ್ಟಲೆ ಜನರನ್ನು ಯಾವ ಕಾಗದವೂ ಇಲ್ಲದೆ ಮರಳಿಗಿಳಿಸಿದ್ದೆವು.

ಪಾಠವನ್ನು ನಾವೂ ಕಲಿತೆವು ಎಂಬುದು ಸಮಾಧಾನದ ಸಂಗತಿ. 1991ರ ಏಪ್ರಿಲ್ 6ರಂದು ದೆಹಲಿಯಲ್ಲಿ ಭಾರತ ಮತ್ತು ಪಾಕಿಸ್ತಾನ ಸೇನಾ ಕವಾಯತು ಮತ್ತು ಪಡೆಗಳ ಚಲನೆಯ ಮುನ್ಸೂಚನೆಯ ಒಪ್ಪಂದಕ್ಕೆ ಸಹಿ ಹಾಕಿದವು. ಡಿವಿಷನ್ ಮಟ್ಟದ ಕವಾಯತು ಗಡಿಯಿಂದ 25 ಕಿಲೋಮೀಟರ್, ಕೋರ್ ಮಟ್ಟದ್ದು 45 ಕಿಲೋಮೀಟರ್ ದೂರವಿರಬೇಕು. ಗಡಿಯ 5 ಕಿಲೋಮೀಟರ್ ಒಳಗೆ ಸೇನಾ ಚಟುವಟಿಕೆ ಕೂಡದು. ಡಿವಿಷನ್ನಿಗೆ 15 ದಿನ, ಕೋರಿಗೆ 30 ದಿನ, ಅದಕ್ಕೂ ದೊಡ್ಡದಕ್ಕೆ 60 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು. ಮುಖ್ಯ ಪಡೆಯ ದಿಕ್ಕು ಎದುರು ದೇಶದ ಕಡೆಗೆ ಇರಬಾರದು. ಅನುಮಾನ ಬಂದರೆ ಕೇಳಬಹುದು, ಕೇಳಿದರೆ ಹೇಳಬೇಕು. ಇದರ ಒಂದೊಂದು ಕಲಮಿನ ಹಿಂದೆಯೂ 1987ರ ಜನವರಿಯ ಒಂದೊಂದು ಕೊರತೆ ಇದೆ.

ಆ ನಂತರದ ಅಭ್ಯಾಸಗಳನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದಾಗ ನಮ್ಮ ದಾಳಿ ಪಡೆಗಳು ಗಡಿ ತಲುಪಲು ಮೂರು ವಾರದಷ್ಟು ಹಿಡಿಯಿತು. ಅದರಿಂದ ಹುಟ್ಟಿದ್ದು ಬೇಗ ಜಮಾಯಿಸುವ, ಚಿಕ್ಕ ತುಕಡಿಗಳಲ್ಲಿ ನುಗ್ಗುವ ಚಿಂತನೆ. 2004ರ ದಿವ್ಯ ಅಸ್ತ್ರ, 2005ರ ವಜ್ರಶಕ್ತಿ, 2007ರ ಅಶ್ವಮೇಧ, 2011ರ ಸುದರ್ಶನ ಶಕ್ತಿ ಅದನ್ನೇ ಪರೀಕ್ಷಿಸಿದವು. ವಿದೇಶಿ ಸೇನೆಗಳೂ ಥಾರಿಗೆ ಬರತೊಡಗಿದವು: 2021ರ ಜನವರಿಯಲ್ಲಿ ಫ್ರಾನ್ಸಿನ ವಾಯುಪಡೆ ಜೋಧಪುರಕ್ಕೆ, 2023ರಲ್ಲಿ ಈಜಿಪ್ಟಿನ ಸೈನಿಕರು ಜೈಸಲ್ಮೇರಿಗೆ, 2024ರ ಸೆಪ್ಟೆಂಬರಿನಲ್ಲಿ ‘ಯುದ್ಧ ಅಭ್ಯಾಸ’ಕ್ಕೆ ಅಮೆರಿಕದ ಸೈನಿಕರು ಬಿಕಾನೇರ್ ಜಿಲ್ಲೆಯ ಮಹಾಜನ್‌ಗೆ. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಘರ್ಷಣೆ ನಿಂತದ್ದೂ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ ದೂರವಾಣಿ ಮಾತಿನ ನಂತರವೇ. ಅದಾದ ಐದು ತಿಂಗಳಿಗೆ ತ್ರಿಶೂಲ ನಡೆದಾಗ, ಆ ವಾಯುಪ್ರದೇಶದ ಬಗ್ಗೆ ವಿಮಾನಗಳಿಗೆ ಎಚ್ಚರಿಕೆಯ ಪ್ರಕಟಣೆ ಮೊದಲೇ ಹೊರಬಿತ್ತು. ಉದ್ವೇಗ ಎಷ್ಟೇ ಇದ್ದರೂ ತಿಳಿಸಿ ಮಾಡುವ ಈ ಪದ್ಧತಿ ಉಳಿಯಬೇಕು. ಅದನ್ನು ದೌರ್ಬಲ್ಯವೆನ್ನುವವರೊಂದಿಗೆ ನನ್ನ ಸಹಮತವಿಲ್ಲ.

ಕೊನೆಯದಾಗಿ ಆ ನೆಲದ ಬಗ್ಗೆ.

ಮರುಭೂಮಿ ಖಾಲಿ ಜಾಗವೆಂಬುದು ದೂರದವರ ಭ್ರಮೆ. ಮಹಾಜನ್ ಫೀಲ್ಡ್ ಫೈರಿಂಗ್ ರೇಂಜ್ ಆಗಿದ್ದು ಹಲವು ಹಳ್ಳಿಗಳನ್ನು ಎಬ್ಬಿಸಿ. ಅಭ್ಯಾಸ ಮುಗಿದ ಮೇಲೆ ಸಿಡಿಯದೆ ಉಳಿದ ಗುಂಡುಗಳು ಮರಳಿನಲ್ಲಿ ಹೂತಿರುತ್ತವೆ. ಗುಜರಿ ಲೋಹ ಹೆಕ್ಕಲು ರೇಂಜಿನೊಳಗೆ ಹೋದ ಬಡವರು, ಹುಡುಗರು ಅವು ಸಿಡಿದು ಸತ್ತ ಸುದ್ದಿ ಆ ಕಡೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇದರ ಹೊಣೆಯನ್ನು ಬರೀ ಎಚ್ಚರಿಕೆಯ ಫಲಕದ ಮೇಲೆ ಹಾಕಲಾಗದು. ಗುಂಡು ಹಾರಿಸುವುದಕ್ಕೆ ಎಷ್ಟು ದಿನ ಮೀಸಲಿಡುತ್ತೇವೋ, ಹುಡುಕಿ ನಾಶ ಮಾಡುವುದಕ್ಕೂ ಅಷ್ಟೇ ಶಿಸ್ತಿನಿಂದ ದಿನ ಮೀಸಲಿಡಬೇಕು.

ಇನ್ನೊಂದು ಜೀವವೂ ಅಲ್ಲಿದೆ. ನಾವು ಎರ್ಲಡ್ಡು ಅಥವಾ ಎರೆಭೂತ ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಜಗತ್ತಿನಲ್ಲಿ ಸ್ವತಂತ್ರವಾಗಿ ಬದುಕಿರುವ ಒಟ್ಟು ಹಕ್ಕಿಗಳು ನೂರೈವತ್ತರ ಆಸುಪಾಸು, ಅವುಗಳಲ್ಲಿ ಹೆಚ್ಚಿನವು ಜೈಸಲ್ಮೇರ್ ಸೀಮೆಯಲ್ಲಿ. ಪೋಖ್ರಾನಿನ ಫೈರಿಂಗ್ ರೇಂಜು ಅವುಗಳ ಮುಖ್ಯ ನೆಲೆಗಳಲ್ಲೊಂದು. ಬೇಲಿ, ಉಳುಮೆ, ವಿದ್ಯುತ್ ತಂತಿ ಇಲ್ಲದ ಹುಲ್ಲುಗಾವಲು ಅಲ್ಲಿ ಸೇನೆಯ ಕಾರಣಕ್ಕೇ ಉಳಿದುಕೊಂಡಿತು. ಹೀಗಿರುವಾಗ ಹಕ್ಕಿ ಮೊಟ್ಟೆಯಿಡುವ ತಿಂಗಳುಗಳಲ್ಲಿ ಆ ಭಾಗಗಳನ್ನು ಅಭ್ಯಾಸದಿಂದ ಹೊರಗಿಡುವುದು ಸೇನೆಗೆ ಆಗದ ಕೆಲಸವಲ್ಲ.

ನಿಮ್ಮಲ್ಲಿ ಒಂದು ಕೋರಿಕೆಯಿಟ್ಟು ಮಾತು ಮುಗಿಸುತ್ತೇನೆ. ಬ್ರಾಸ್‌ಟ್ಯಾಕ್ಸ್ ಬಗ್ಗೆ ಇಂಗ್ಲಿಷಿನಲ್ಲಿ ಒಳ್ಳೆಯ ಅಧ್ಯಯನಗಳಿವೆ. ಅವೆಲ್ಲ ಜನರಲ್‌ಗಳ, ರಾಯಭಾರಿಗಳ, ಮಂತ್ರಿಗಳ ಮಾತಿನಿಂದ ಕಟ್ಟಿದವು. ಆ ಚಳಿಗಾಲದಲ್ಲಿ ರಾಜಸ್ಥಾನದ ಮರಳಿನಲ್ಲಿ ಲಾರಿ ಓಡಿಸಿದ, ನೀರು ಹಂಚಿದ, ಫಿಲ್ಟರ್ ತೊಳೆದ, ಯುದ್ಧವಾಗುತ್ತದೋ ಇಲ್ಲವೋ ತಿಳಿಯದೆ ಮನೆಗೆ ಕಾಗದ ಬರೆದ ಸಿಪಾಯಿಗಳ ಮಾತು ಎಲ್ಲೂ ಸರಿಯಾಗಿ ದಾಖಲಾಗಿಲ್ಲ. ಬೆಳಗಾವಿ, ಗದಗ, ಹಾಸನ, ಕೊಡಗಿನಂಥ ಜಿಲ್ಲೆಗಳ ಊರುಗಳಲ್ಲಿ ಅಂಥವರು ಇದ್ದಾರೆ. ಆಗ ಇಪ್ಪತ್ತರ ಹರೆಯದವರಾಗಿದ್ದವರು ಈಗ ಅರವತ್ತರ ಗಡಿಯಲ್ಲಿದ್ದಾರೆ, ಹವಾಲ್ದಾರ್, ಸುಬೇದಾರ್ ಆಗಿದ್ದವರಿಗೆ ಎಂಬತ್ತು ಸಮೀಪಿಸಿದೆ. ಇಲ್ಲಿರುವ ಇತಿಹಾಸ ಮತ್ತು ಪತ್ರಿಕೋದ್ಯಮ ವಿದ್ಯಾರ್ಥಿಗಳು ಈ ರಜೆಯಲ್ಲೇ ನಿಮ್ಮ ಊರಿನ ಮಾಜಿ ಸೈನಿಕರ ಮನೆಗೆ ಹೋಗಿ, 1986-87ರಲ್ಲಿ ಎಲ್ಲಿದ್ದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಧ್ವನಿಮುದ್ರಿಸಿ ಈ ಸಂಸ್ಥೆಯ ಗ್ರಂಥಾಲಯಕ್ಕೆ ತಂದುಕೊಡಿ. ಅವರ ಕಾಗದಪತ್ರ, ಫೋಟೋಗಳಿದ್ದರೆ ಪ್ರತಿ ಮಾಡಿಸಿ ಮೂಲವನ್ನು ಮನೆಯವರಿಗೇ ಮರಳಿಸಿ.